ಮುಕ್ಕುಂದದ ಮಳಲುಗಳ್ಳ

ಹಂಪಣ್ಣ ನನ್ನನ್ನು ಕಳ್ಳ ಎಂದದ್ದು ನಡುಹೊಳೆಯಲ್ಲಿ, ಎರಡೂ ದಂಡೆಯ ಜನಕ್ಕೆ ಕೇಳುವಂತೆ.

"ಏ ಗಾಳೆಪ್ಪ! ನನ್ನ ಮಳಲು ಕದ್ದೀಯಲ್ಲಲೇ!"

ನಾನು ಸಲಿಕೆ ಎತ್ತಿದೆ. ನಮ್ಮವ್ವ ಯಂಕಮ್ಮ ಹಿಂದಿನಿಂದ ಅದರ ಕಾವು ಹಿಡಿದು ಜಗ್ಗದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಮುಕ್ಕುಂದದ ಎದುರು ತುಂಗಭದ್ರೆಯ ನಡುವೆ ಮಳಲಿನ ದಿನ್ನಿಯೊಂದಿದೆ. ಮಳೆಗಾಲದಲ್ಲಿ ಮುಳುಗಿ, ದೀಪಾವಳಿ ಕಳೆದ ಮೇಲೆ ಎಮ್ಮೆಯ ಬೆನ್ನಿನಂತೆ ಮೇಲೇಳುತ್ತದೆ. ಈಚೆ ದಂಡೆ ನಿಜಾಮರದು, ಆಚೆಯದು ಇಂಗ್ಲಿಷರದು. ನಡುವಿನ ದಿನ್ನಿ ಯಾರ ದಫ್ತರಕ್ಕೂ ಸೇರಿಲ್ಲ. ಅದಕ್ಕೇ ಹೊಲವಿಲ್ಲದ ನಮ್ಮಂಥವರು ಅಲ್ಲಿ ಕಲ್ಲಂಗಡಿ ಹಾಕುತ್ತೇವೆ. ನೀರಿಳಿದ ದಿನ ಯಾರ ಹರಿಗೋಲು ಮೊದಲು ದಿನ್ನಿ ಮುಟ್ಟುತ್ತದೋ ಅವರು ಬೇಕಾದ ಅರ್ಧ ಆರಿಸಿಕೊಳ್ಳುವುದು, ನಡುವೆ ಅಡ್ಡಲಾಗಿ ಜಾಲಿಮುಳ್ಳು ನೆಟ್ಟು ಹದ್ದು ಮಾಡುವುದು ರೂಢಿ. ಆ ವರ್ಷ ಗೆದ್ದವನು ಆಚೆ ದಂಡೆಯ ಹಂಪಣ್ಣ. ಎಲ್ಲರೂ ಆರಿಸುವಂತೆ ನೀರು ಬರುವ ಕಡೆಯ ಎತ್ತರದ ತಲೆಭಾಗವನ್ನೇ ಹಿಡಿದ. ನಮಗುಳಿದದ್ದು ಬಾಲ. ತಗ್ಗು, ಹಸಿ, ಕಾಲಿಟ್ಟರೆ ಮೊಣಕಾಲವರೆಗೆ ಹುಗಿಯುವ ಜಾಗ.

ಸಿಟ್ಟಿಗೆ ಹರಿಗೋಲನ್ನು ಒದ್ದು ಕಾಲ್ಬೆರಳು ಊದಿಸಿಕೊಂಡೆ. ಅವ್ವ ನಕ್ಕಳು. "ಬಾಲಿಲ್ಲದ ಎಮ್ಮಿ ಎಲ್ಲ್ಯಾರ ನೋಡೀಯೇನಲೇ? ಬೀಜ ಊರು."

ಬಳ್ಳಿ ಹಬ್ಬಿ ಹೂಬಿಡುವ ಹೊತ್ತಿಗೆ ವಿಚಿತ್ರವೊಂದು ನಡೆಯಿತು. ನಮ್ಮ ಬಾಲ ಬೆಳೆಯತೊಡಗಿತು. ಹೊಸ ಮಳಲು ಬಂದು ಕೂತು, ಒಣಗಿ, ಗಟ್ಟಿಯಾಯಿತು. ಅವ್ವ ಅದರ ಮೇಲೊಂದು ಸಾಲು ಊರಿದಳು, ಅದರಾಚೆ ಇನ್ನೊಂದು. ಅತ್ತ ಹಂಪಣ್ಣನ ಅಂಚು ಬಳ್ಳಿ ಸಮೇತ ಕುಸಿದು ದುಬುಕ್ಕೆಂದು ನೀರಿಗೆ ಬೀಳುತ್ತಿತ್ತು. ಅವನು ಕಲ್ಲು ತಂದು ಒಡ್ಡು ಕಟ್ಟಿದ. ನೀರು ಕಲ್ಲಿಗೆ ಬಡಿದು ಸುತ್ತಿ, ಅದರ ಬುಡವನ್ನೇ ಇನ್ನಷ್ಟು ಅಗೆಯಿತು.

ಆಗಲೇ ನಾನು ಕಳ್ಳನಾದದ್ದು.

"ಸಬೂತು ಐತೇನು?" ಎಂದು ಅರಚಿದೆ.

"ಐತಿ!" ಹಂಪಣ್ಣ ನಮ್ಮ ಬಾಲದ ತುದಿಯಿಂದ ಒಂದು ಹಿಡಿ ಮಳಲು ಎತ್ತಿ ತೋರಿಸಿದ. ಅದರಲ್ಲಿ ಕೆಂಪು ಕಾಳುಗಳು. "ಒಡದ ಗಡಿಗಿ ಬೋಕಿ ಕುಟ್ಟಿ ಗುರುತಿಗಂತ ನನ್ನ ತಲಿಕಡೆ ಮಳಲಾಗ ಕಲಸಿದ್ದೆ. ಇಲ್ಲಿಗೆ ಹೆಂಗ ಬಂತು? ರೆಕ್ಕಿ ಬಂದಿದ್ವಾ?"

ಎರಡೂ ದಂಡೆಗೆ ಹರಿಗೋಲು ಹಾಕುವ ಬುಡ್ಡೇಸಾಬನೇ ನಮ್ಮ ಪಂಚ. ಅವನು ಗಡ್ಡ ತುರಿಸಿಕೊಂಡ. "ಚೋರಿ ಖರೇ ಆದ್ರ ತಾಯಿ-ಮಗ ದಿನ್ನಿ ಇಳೀಬೇಕು. ಬಳ್ಳಿ, ಕಾಯಿ ಎಲ್ಲಾ ಹಂಪಣ್ಣಗ."

"ನಾ ಹೊತ್ತು ತಂದಿದ್ರ ಹಾದ್ಯಾಗ ಚೆಲ್ಲಿರಬೇಕಲ್ಲ, ನೋಡ್ರಿ ಬರ್ರಿ!" ಎಂದು ದಿನ್ನಿಯ ಮೇಲೆಲ್ಲ ಹುಡುಕುತ್ತ ಓಡಿದೆ. ಒಣ ಮಳಲಿನಲ್ಲಿ ಒಂದು ಕೆಂಪು ಕಾಳೂ ಇರಲಿಲ್ಲ. ಇನ್ನೂ ತಡೆಯಲಾರದೆ ದಡದ ಪಕ್ಕ ನೀರಿಗಿಳಿದು, ನೆಲವನ್ನೇ ಬೈಯುವವನಂತೆ ಬಗ್ಗಿದೆ.

ತಿಳಿನೀರಿನ ತಳದಲ್ಲಿ ಕೆಂಪು ಗೀರೊಂದು ಹೊರಟಿತ್ತು.

"ಇಲ್ಲಿ! ಇಲ್ಲಿ ನಡದಾನ ನಿಮ್ಮ ಕಳ್ಳ!"

ಎಲ್ಲರೂ ಧೋತರ ಮೇಲೆ ಕಟ್ಟಿ ಬಗ್ಗಿದರು. ತಳದ ಮಳಲು ಸಣ್ಣ ಸಣ್ಣ ಅಲೆಗಳಾಗಿ ಮಡಚಿಕೊಂಡಿತ್ತು. ಬೋಕಿಯ ಕಾಳೊಂದು ಮಡಿಕೆಯ ಬೆನ್ನೇರುವುದು, ಆಚೆ ಉರುಳುವುದು, ಮತ್ತೆ ಏರುವುದು. ಅದನ್ನೇ ನೋಡುತ್ತ ಬಾತುಕೋಳಿಗಳಂತೆ ಸಾಲಾಗಿ ಬಾಲದ ತುದಿಗೆ ಬಂದೆವು. ದಿನ್ನಿಯ ಎಡಬಲದ ಎರಡು ನೀರೂ ಅಲ್ಲಿ ಕೂಡಿ ಸುಸ್ತಾಗಿ ನಿಲ್ಲುತ್ತಿದ್ದವು. ಕಾಳು ಅಲ್ಲೇ ಕೂತಿತು. ಅದರ ಮೇಲೆ ಇನ್ನೊಂದು.

ಬುಡ್ಡೇಸಾಬ್ ಸೊಂಟ ಹಿಡಿದು ಎದ್ದು ನಿಂತ. "ಕಳ್ಳ ಸಿಕ್ಕ. ಹೊಳಿಗಿ ಬೇಡಿ ಹಾಕ್ರಿ, ಸಿಂಧನೂರ ಜೇಲಿಗೆ ಒಯ್ದು ಕೂಡಸೂಣು!"

ದಂಡೆಯ ಜನವೂ ನಕ್ಕಿತು. ಹಂಪಣ್ಣ ಮಾತ್ರ ತೊಯ್ದ ಧೋತರದಲ್ಲೇ ಕುಸಿದು ಕೂತ. "ಹಂಗಾರ ನನ್ನ ತ್ವಾಟ ದಿನಾ ನಿಮ್ಮ ಹೊಟ್ಟಿಗೇ ಬರ್ತತೇನಪಾ."

"ಅಡ್ಡ ಹದ್ದು ಹಾಕಿದ್ದ ತಪ್ಪು," ಎಂದಳು ಅವ್ವ. "ದಿನ್ನಿ ನಡಿಯೂವಂಥಾದ್ದು. ಒಬ್ಬಗ ತಲಿ, ಒಬ್ಬಗ ಬಾಲ ಅಂದ್ರ ಹೆಂಗ? ಉದ್ದಕ ಸೀಳ್ರಿ. ಹೋಗೂದು ಇಬ್ಬರ್ದೂ ಹೋಗ್ಲಿ, ಬರೂದು ಇಬ್ಬರಿಗೂ ಬರ್ಲಿ."

ನನಗೆ ಮೈಯೆಲ್ಲ ಉರಿಯಿತು. "ಎವ್ವಾ! ನಮ್ಮದು ಬೆಳ್ಯಾಕತ್ತೈತಿ, ಈಗ್ಯಾಕ ಪಾಲು?"

"ಮುಂದಿನ ವರ್ಷ ನೀ ಗೆದ್ದು ತಲಿ ಹಿಡೀತಿ. ಆಗ ಯಾರನ್ನ ಕಳ್ಳ ಅಂತಿಯೋ ಶಾಣ್ಯಾ?"

ಸಿಟ್ಟಿಗೆ ಜಾಲಿಮುಳ್ಳನ್ನೆಲ್ಲ ಬರಿಗೈಯಲ್ಲೇ ಕಿತ್ತೆ. ಎದುರಿನಿಂದ ಹಂಪಣ್ಣನೂ ಕೀಳುತ್ತ ಬಂದ.

"ಚುಚ್ಚಿತೇನಲೇ?"

"ನಿನ್ನ ನಾಲಿಗಿಯಷ್ಟಿಲ್ಲ ತಗೋ."

ಅವನು ಹಲ್ಲು ಬಿಟ್ಟ. ನನಗೂ ನಗು ತಡೆಯಲಾಗಲಿಲ್ಲ. ಹರಿಗೋಲಿನ ಹುಟ್ಟನ್ನು ಇಬ್ಬರೂ ಹಿಡಿದು, ತಲೆಯಿಂದ ಬಾಲದವರೆಗೆ ಮಳಲಲ್ಲಿ ಗೀರೆಳೆಯುತ್ತ ಹೋದೆವು. ಸೊಟ್ಟ ಎಂದು ಅವನು, ನಿನ್ನ ಕಣ್ಣೇ ಸೊಟ್ಟ ಎಂದು ನಾನು. ಬಾಲದ ತುದಿ ಬಂತು. ಅವನು ನಿಂತ. ನಾನು ನಿಲ್ಲದೆ ಹುಟ್ಟು ಜಗ್ಗಿ ನೀರೊಳಗೇ ಗೀರೆಳೆದೆ.

"ಅಲ್ಲಿ ನೀರೈತಲ್ಲಲೇ ಹುಚ್ಚಾ!"

"ನಾಳಿ ಮಳಲು ಬರ್ತತಿ. ಆಮ್ಯಾಲ ಜಗಳ ಯಾಕ?"

ಹಂಪಣ್ಣ ಧೋತರ ಎತ್ತಿಕಟ್ಟಿ ತಾನೂ ನೀರಿಗಿಳಿದು, ಹುಟ್ಟನ್ನು ನನ್ನ ಕೈಯಿಂದ ಕಸಿದು, ಇನ್ನೂ ಎರಡು ಮಾರು ಮುಂದಕ್ಕೆ ಎಳೆದ.