ಸಿಂಗಪುರಕ್ಕೆ ಹೊರಟ ನೀಲಕಂಠಸ್ವಾಮಿಯವರು

ಗಾವಡಗೆರೆಯ ನೀಲಕಂಠಸ್ವಾಮಿಯವರು ಯಾವುದನ್ನೂ ಅಂಗೈಯಿಂದ ಮುಟ್ಟಿ ನೋಡುವವರಲ್ಲ. ಕಾಫಿಯ ಲೋಟವಾಗಲಿ, ಕಾರಿನ ಬಾನೆಟ್ಟಾಗಲಿ, ಮಗುವಿನ ಹಣೆಯಾಗಲಿ, ನೆಂಟರ ಮನೆಯ ಗೋಡೆಯಾಗಲಿ, ಕೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ, ಕಣ್ಣನ್ನು ಅರ್ಧ ಮುಚ್ಚಿ, ಒಳಗಿನ ಕಾವನ್ನು ಅಳೆದ ಮೇಲೆಯೇ ಅವರಿಗೆ ಸಮಾಧಾನ. ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ, ಎಂದರೆ ಆ ಎತ್ತರದ ಕಿಟಕಿಯಿಲ್ಲದ ಮನೆಯಲ್ಲಿ, ಸಾಲುಸಾಲಾಗಿ ನೇತುಹಾಕಿ ದಿನಗಟ್ಟಲೆ ನಿಧಾನವಾಗಿ ಕಾವು ಕೊಟ್ಟು ಹದಮಾಡುವ ಕಸುಬಿನಲ್ಲೇ ಹುಟ್ಟಿ ಬೆಳೆದವರು ಅವರು. ಗೋಡೆಗೆ ಉಷ್ಣಮಾಪಕ ತೂಗುಹಾಕಿದ್ದರೂ ಅದರ ಮಾತನ್ನು ಒಮ್ಮೆ ತಮ್ಮ ಕೈಯಿಂದ ಖಚಿತಪಡಿಸಿಕೊಳ್ಳದೆ ಬಿಡುವವರಲ್ಲ. ನಡಿಗೆಯೂ ಹಾಗೆಯೇ. ನಾಲ್ಕು ಹೆಜ್ಜೆ ಮುಂದಿಟ್ಟರೆ ಒಮ್ಮೆ ತಿರುಗಿ ಹಿಂದೆ ನೋಡುತ್ತಾರೆ. ಹಿಂದೆ ಏನೂ ಇರುವುದಿಲ್ಲ, ಆದರೂ ನೋಡುತ್ತಾರೆ.

ಹುಣಸೂರಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ನನ್ನ ಪಾಡಿಗೆ ನಾನಿದ್ದವನು, ತಂಗಿಯನ್ನು ನೋಡಲೆಂದು ಒಮ್ಮೆ ಸಿಂಗಪುರಕ್ಕೆ ಹೋಗಿಬಂದ ತಪ್ಪಿಗೆ, ಹಳೆಯ ಪರಿಚಯದ ಇವರ ವಿದೇಶ ಪ್ರವಾಸದ ಸಲಹೆಗಾರನಾಗಬೇಕಾಯಿತು. ಮದುವೆಯಾದಾಗಿನಿಂದ ಅವರ ಹೆಂಡತಿ ಹೇಮಶ್ರೀ ಕೇಳಿದ್ದು ಒಂದೇ: ಎಲ್ಲರೂ ಒಟ್ಟಿಗೆ ಒಂದು ಸಲ ವಿಮಾನ ಹತ್ತಬೇಕು, ಬೇರೆ ದೇಶವೊಂದನ್ನು ನೋಡಿ ಬರಬೇಕು. ಆಕೆ ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಆದರೆ ಮಕ್ಕಳಿಗೆ ಬೇಸಿಗೆ ರಜ ಬಂದಾಗ ಇವರಿಗೆ ಹೊಗೆಸೊಪ್ಪಿನ ಸಸಿಮಡಿಯ ಕಾಲ, ದಸರಾ ರಜ ಬಂದಾಗ ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲ. ಇವರು ಎಂದೂ ಇಲ್ಲವೆಂದವರಲ್ಲ. "ಓಗವ ಕಣೆ, ಓಗದೇ ಏನು" ಎನ್ನುತ್ತಲೇ ವರ್ಷಗಳನ್ನು ದಾಟಿಸಿಬಿಟ್ಟರು. ಕೊನೆಗೆ ಈ ವರ್ಷ, ಮಗಳು ಭಾವನಾ ಎರಡನೆಯ ಕ್ಲಾಸಿಗೂ ಮಗ ರಘು ಯುಕೆಜಿಗೂ ಬಂದ ಮೇಲೆ, ಹೇಮಶ್ರೀ ತಾನೇ ಮೈಸೂರಿಗೆ ಹೋಗಿ ದಸರಾ ರಜಕ್ಕೆ ನಾಲ್ಕು ಟಿಕೆಟ್ ಮಾಡಿಸಿಕೊಂಡು ಬಂದಳು. "ಈ ಸಲ ತಪ್ಪಿಸಿದ್ರೆ ಮತ್ತೆ ನಾನು ಕೇಳಾಕಿಲ್ಲ ಕಣ್ರೀ" ಎಂದಳಂತೆ. ಈ ಮಾತನ್ನು ನನಗೆ ಹೇಳಿದವರು ಸ್ವತಃ ನೀಲಕಂಠಸ್ವಾಮಿಯವರೇ, ಮುಖದಲ್ಲಿ ದಿಗಿಲು ತುಂಬಿಕೊಂಡು. ಮತ್ತೆ ಕೇಳದೆ ಇರುವ ಹೆಂಡತಿಯ ಭಯ ಅವರಿಗೆ ಇತ್ತು ಎಂಬುದನ್ನು ಅವರ ಪರವಾಗಿ ನಾನು ಇಲ್ಲೇ ಹೇಳಿಬಿಡಬೇಕು.

ಅಂದಿನಿಂದ ನನ್ನ ನೆಮ್ಮದಿ ಕೆಟ್ಟಿತು. ಬೆಳಗಾದರೆ ಫೋನು. ಅವರ ಪ್ರಶ್ನೆಗಳೆಲ್ಲ "ಅಕಸ್ಮಾತ್" ಎಂಬ ಪದದಿಂದಲೇ ಆರಂಭವಾಗುತ್ತಿದ್ದವು. "ಅಕಸ್ಮಾತ್ ವಿಮಾನ ಮೇಲಿದ್ದಾಗ ರಘು ಇಳೀಬೇಕು ಅಂತ ಅಟ ಇಡುದ್ರೆ?" "ಅಕಸ್ಮಾತ್ ಅಲ್ಲಿಯ ನೀರು ಒಗ್ಗದೇ ಓದ್ರೆ?" "ಅಕಸ್ಮಾತ್ ಚೆಕಿಂಗ್‌ನವರು ಕೊರಳಲ್ಲಿರೋ ಲಿಂಗದ ಕರಡಿಗೆ ಬಿಚ್ಚಿ ಅಂದ್ರೆ?" ಕೊನೆಯದು ನ್ಯಾಯವಾದ ಪ್ರಶ್ನೆಯೆಂದು ನಾನು ಮೂವರನ್ನು ವಿಚಾರಿಸಿ, ಇದು ಪೂಜೆಯದು ಎಂದು ವಿನಯದಿಂದ ಹೇಳಿದರೆ ಸಾಮಾನ್ಯವಾಗಿ ತೊಂದರೆಯಿಲ್ಲವಂತೆ ಎಂದು ಉತ್ತರ ತಂದರೆ, ಆ ವಿನಯದ ವಾಕ್ಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿಕೊಡಿ ಎಂದು ಗಂಟುಬಿದ್ದರು. ಮಾಡಿಸಿದೆ. ಎರಡು ಸಂಜೆ ಹಿಡಿಯಿತು.

ಬರೀ ಪ್ರಶ್ನೆಗಳಾಗಿದ್ದರೆ ಸಹಿಸಬಹುದಿತ್ತು. ಯಾವುದನ್ನೂ ಮೊದಲು ಮಾಡಿ ನೋಡದೆ ಮಾಡಬಾರದು ಎಂಬುದು ಅವರ ಸಿದ್ಧಾಂತವಾದ್ದರಿಂದ ಸಿಂಗಪುರ ಪ್ರವಾಸಕ್ಕೂ ತಾಲೀಮು ಆರಂಭವಾಯಿತು. ಹೋಟೆಲಿನ ಕೋಣೆಯಲ್ಲಿ ಮಕ್ಕಳಿಗೆ ಮುದ್ದೆ ಸಿಗಬೇಕೆಂದು ವಿದ್ಯುತ್ ಕೆಟಲ್ಲಿನಲ್ಲಿ ರಾಗಿಹಿಟ್ಟು ತಿರುವಲು ಹೋಗಿ ಒಂದು ಕೆಟಲ್ಲನ್ನು ಸುಟ್ಟರು. ಎರಡನೆಯದನ್ನು ತಂದಾಗ ಅವರ ತಾಯಿ ಶಿವರುದ್ರಮ್ಮನವರು ಅದನ್ನು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದರು. ಆಮೇಲೆ ವಿಮಾನದ ತಾಲೀಮು. ನಾಲ್ಕು ಗಂಟೆಯ ಪ್ರಯಾಣಕ್ಕೆ ಮಕ್ಕಳು ತಡೆಯುತ್ತಾರೋ ಇಲ್ಲವೋ ನೋಡಬೇಕೆಂದು, ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಹೇಮಶ್ರೀಯ ಜೊತೆ ಬೆಲ್ಟು ಬಿಗಿದು ಕೂರಿಸಿ, ನನ್ನನ್ನು ಪಕ್ಕದಲ್ಲಿ ಹಾಕಿಕೊಂಡು, ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ಹೋಗಿ, ಅಲ್ಲಿಂದ ತಿರುಗಿ ವೀರನಹೊಸಹಳ್ಳಿಯ ಹಾದಿ ಹಿಡಿದು, ಪಿರಿಯಾಪಟ್ಟಣ ಸುತ್ತಿ, ಎಲ್ಲಿಯೂ ಇಳಿಯದೆ ಕಾರು ಓಡಿಸಿದರು. ರಘು ಪ್ರತಿ ಊರಿನಲ್ಲೂ "ಇದು ಸಿಂಗಾಪುರಾನಾ?" ಎಂದು ಕೇಳಿದ. ಇವರು ಮುಂದಿನ ಸೀಟಿನಿಂದ ತಿರುಗಿ ತಿರುಗಿ ಅವನಿಗೆ ಬಾಳೆಹಣ್ಣು ಕೊಟ್ಟರು, ಕಥೆ ಹೇಳಿದರು, ಒಮ್ಮೆ ಎದುರಿಗೆ ಬಂದ ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿದರು. ಬನ್ನಿಕುಪ್ಪೆಯ ಹತ್ತಿರ ಹುಡುಗ ಬಾಳೆಹಣ್ಣನ್ನೆಲ್ಲ ನನ್ನ ಭುಜದ ಮೇಲೆ ವಾಂತಿ ಮಾಡಿದ. "ನೋಡುದ್ರಾ ಮೇಷ್ಟ್ರೇ, ಈಗ್ಲೇ ಗೊತ್ತಾದುದ್ದು ಒಳ್ಳೇದಾಯ್ತು" ಎಂದು ನೀಲಕಂಠಸ್ವಾಮಿಯವರು ಸಂತೋಷಪಟ್ಟರು. ನನ್ನ ಅಂಗಿಯ ಬಗ್ಗೆ ಒಂದು ಮಾತೂ ಇಲ್ಲ.

ಇನ್ನೊಂದು ಭಾನುವಾರ ಕೊಪ್ಪದ ಪೇಟೆಯಲ್ಲಿ ತಾಲೀಮು. ಪಕ್ಕದ ಬೈಲಕುಪ್ಪೆಯ ಟಿಬೆಟಿನವರು ಅಲ್ಲಿ ಹೆಚ್ಚಾಗಿ ಓಡಾಡುವುದರಿಂದ, ಪರದೇಶದ ಅಭ್ಯಾಸಕ್ಕೆ ಅದೇ ತಕ್ಕ ಜಾಗ ಎಂಬುದು ಅವರ ಲೆಕ್ಕಾಚಾರ. ಮೊದಲು ಒಂದು ದಪ್ಪನೆಯ ಉಣ್ಣೆಯ ಕೋಟು ಕೊಂಡರು. ಸಿಂಗಪುರ ನಮ್ಮ ಚೈತ್ರದ ಹಾಗೆ ಬೇಯುತ್ತದೆ ಎಂದೆ. "ವಿಮಾನದೊಳಗೆ ತಂಡಿ ಇರ್ತದಂತೆ, ನೀವು ಸುಮ್ನಿರಿ" ಎಂದು ಅಲ್ಲೇ ತೊಟ್ಟುಕೊಂಡು, ಗುಂಡಿ ಹಾಕಿ, ಬೆವರುತ್ತ ನಡೆದರು. ಆಮೇಲೆ, ಮಕ್ಕಳು ಕಳೆದುಹೋದರೆ ಏನು ಮಾಡುತ್ತಾರೆಂದು ನೋಡಲು, ನನಗೂ ಹೇಮಶ್ರೀಗೂ ದೂರದಲ್ಲಿ ಮರೆಯಾಗಿ ನಿಲ್ಲುವಂತೆ ಸನ್ನೆ ಮಾಡಿ, ತಾವು ಒಂದು ಅಂಗಡಿಯ ಕಂಬಳಿಗಳ ಹಿಂದೆ ಅಡಗಿದರು. ಭಾವನಾ ಅತ್ತ ಇತ್ತ ನೋಡಿ, ಅಳದೆ, ತಮ್ಮನ ಕೈ ಹಿಡಿದುಕೊಂಡು, ಅದೇ ಅಂಗಡಿಯ ಟಿಬೆಟಿನ ಹೆಂಗಸಿಗೆ, "ಆಂಟಿ, ಮೈ ಫಾದರ್ ಈಸ್ ಲಾಸ್ಟ್" ಎಂದಳು. ಆ ಹೆಂಗಸು ಕಂಬಳಿಯನ್ನು ಸರಕ್ಕನೆ ಸರಿಸಿ, "ಏನ್ರೀ, ಮಕ್ಳನ್ನ ಅಲ್ಲಿ ಬುಟ್ಟು ಇಲ್ಲಿ ಬಚ್ಚಿಟ್ಕಂಡು ಕುಂತಿದ್ದೀರಲ್ಲ, ಬುದ್ಧಿ ಬ್ಯಾಡ್ವಾ ನಿಮಗೆ?" ಎಂದು ನಮ್ಮ ಹಳ್ಳಿಗನ್ನಡದಲ್ಲೇ ತರಾಟೆಗೆ ತೆಗೆದುಕೊಂಡಳು. ಹೇಮಶ್ರೀ ನಕ್ಕದ್ದನ್ನು ಆ ತಿಂಗಳಲ್ಲಿ ನಾನು ನೋಡಿದ್ದು ಅದೊಂದೇ ಸಲ. ಮಗಳು ಪಾಸಾದಳೆಂದು ಇವರ ಕಣ್ಣು ಮಾತ್ರ ತುಂಬಿಬಂದಿತ್ತು.

ಇಷ್ಟೆಲ್ಲ ಮಾಡಿದ ಮನುಷ್ಯ ಹೊರಡುವುದಕ್ಕೆ ವಾರವಿರುವಾಗ ಏನು ಮಾಡಬೇಕು? ಬ್ಯಾರನ್ನಿನ ಬಾಗಿಲು ಮುಚ್ಚಿ, ಕೈ ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಕೂರಬೇಕು. ಅವರು ಹೊಲಕ್ಕೆ ಹೋದರು. ಮೇಲೆ ಉಳಿದ ಎಲೆ ಚೆನ್ನಾಗಿ ಮಾಗಿತ್ತು. ಗಿಡದ ಮೇಲೆ ಮಾಗಿದ ಎಲೆಯನ್ನು ಬಿಟ್ಟುಹೋಗುವುದು ಆ ಕಡೆಯ ಬೆಳೆಗಾರನ ಕೈಲಾಗದ ಕೆಲಸ. ಮುರಿಸಿ, ಕಟ್ಟಿಸಿ, ಇನ್ನೊಂದು ಬ್ಯಾರನ್ ತುಂಬಿಸಿ ಬೆಂಕಿ ಹಾಕಿಯೇಬಿಟ್ಟರು. "ಓಗಾಕೆ ಒಂದಿನ ಮುಂಚೇನೇ ಸೊಪ್ಪು ಒಣಗಿ ಇಳೀತದೆ, ನನ್ನ ಲೆಕ್ಕ ತಪ್ಪಾಕಿಲ್ಲ" ಎಂದರು. ಅವರ ಲೆಕ್ಕ ತಪ್ಪದಿರಬಹುದು, ಮೋಡಕ್ಕೆ ಅವರ ಲೆಕ್ಕ ತಿಳಿದಿರಲಿಲ್ಲ. ಮಳೆ ಹಿಡಿಯಿತು, ಸೌದೆ ನೆನೆಯಿತು, ಎಲೆ ಹಳದಿಗೆ ತಿರುಗಲು ತನ್ನಿಷ್ಟದಷ್ಟು ಹೊತ್ತು ತೆಗೆದುಕೊಂಡಿತು. ಹೊರಡುವ ದಿನ ಬೆಳಗ್ಗೆ ಕಾರಿನಲ್ಲಿ ಸಾಮಾನು ತುಂಬಿ, ಮಕ್ಕಳು ಹೊಸ ಶೂ ಹಾಕಿಕೊಂಡು ಕುಳಿತಿದ್ದಾಗ, ಬ್ಯಾರನ್ನಿನೊಳಗೆ ಎಲೆಯ ನರ ಇನ್ನೂ ಹಸಿಯಾಗಿತ್ತು. ಅದು ಒಣಗುವವರೆಗೆ ಬೆಂಕಿ ಆರಿಸುವಂತಿಲ್ಲ.

ನಾನು ಬೆಂಗಳೂರಿನವರೆಗೆ ಕಾರು ಓಡಿಸುತ್ತೇನೆಂದು ಒಪ್ಪಿಕೊಂಡು ಬಂದಿದ್ದೆ. ಒಮ್ಮೆ ಬೆಂಕಿ ನೋಡಿ ಬರುತ್ತೇನೆಂದು ಹೋದವರು ಬಾರದಿದ್ದಾಗ ಹೇಮಶ್ರೀ ನನ್ನತ್ತ ನೋಡಿದಳು. ಹೋದೆ. ಆ ಉಣ್ಣೆಯ ಕೋಟನ್ನೇ ತೊಟ್ಟುಕೊಂಡು ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವರ ಜೊತೆ ಹತ್ತು ಹನ್ನೆರಡು ವರ್ಷ ಬ್ಯಾರನ್ ಕಾದ ಕಾಂತರಾಜು ನಿಂತಿದ್ದ.

"ಓಗಣ್ಣೋ, ನಾನಿಲ್ವಾ? ನೋಡ್ಕತೀನಿ ಬುಡು" ಎಂದು ಕಾಂತರಾಜು ಹೇಳುತ್ತಿದ್ದ. ದನಿ ನೋಡಿದರೆ ಅದೇ ಮಾತನ್ನು ಬಹಳ ಸಲ ಹೇಳಿ ಬೇಸತ್ತಂತಿತ್ತು.

"ನೋಡ್ಕತೀಯ ಕಣ್ಲಾ, ನಾನೇನು ಇಲ್ಲ ಅಂದ್ನಾ" ಎಂದ ನೀಲಕಂಠಸ್ವಾಮಿಯವರು ಗೋಡೆಗೆ ಕೈಯ ಹಿಂಬದಿ ತಾಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಟಿಕೇಟನ್ನ ಎಲ್ಡು ದಿನ ಮುಂದಕ್ಕೆ ಆಕಿಸಿದ್ರೆ ಆಗಾಕಿಲ್ವಾ ಮೇಷ್ಟ್ರೇ?" ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಂಗಿಯ ಮೇಲಿನ ವಾಂತಿ, ಎರಡು ಸಂಜೆಯ ಇಂಗ್ಲಿಷು, ಬೆಳಗಿನ ಫೋನುಗಳು ಎಲ್ಲ ಒಟ್ಟಿಗೆ ನೆನಪಾಗಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ತಲೆತಗ್ಗಿಸಿ ಕೇಳಿದರು, ಏಳಲಿಲ್ಲ. ಅಷ್ಟರಲ್ಲಿ ಹೇಮಶ್ರೀಯೇ ಬಂದಳು. ಅವಳು ಕೂಗಾಡುತ್ತಾಳೆಂದು ನಾನು ಎಣಿಸಿದ್ದೆ. ಅವರೂ ಎಣಿಸಿದ್ದರೇನೋ, ಕೂಗಾಡಿದ್ದರೆ ಬಹುಶಃ ಎದ್ದೂ ಬರುತ್ತಿದ್ದರು.

"ನೀವು ಬತ್ತೀರೋ, ಇಲ್ವೋ? ಒಂದೇ ಮಾತು ಹೇಳಿ."

"ಎಲ್ಡೇ ದಿನ ಹೇಮಾ..."

"ಸರಿ ಬುಡಿ" ಎಂದಳು. ಅವರ ಕೋಟಿನ ಜೇಬಿನಿಂದ ನಾಲ್ಕು ಪಾಸ್‌ಪೋರ್ಟುಗಳನ್ನು ತೆಗೆದು, ಮೂರನ್ನು ಚೀಲಕ್ಕೆ ಹಾಕಿಕೊಂಡು, ಒಂದನ್ನು ವಾಪಸು ಅದೇ ಜೇಬಿಗಿಟ್ಟು ಕಾರಿನ ಕಡೆ ನಡೆದಳು. ಕಾರು ಗೇಟು ದಾಟುವಾಗ ಕನ್ನಡಿಯಲ್ಲಿ ಅವರು ಕಂಡರು. ಬ್ಯಾರನ್ನಿನ ಬಾಗಿಲಿನಿಂದ ನಾಲ್ಕು ಹೆಜ್ಜೆ ಓಡಿಬಂದವರು ತಿರುಗಿ ಒಲೆಯನ್ನು ನೋಡಿದರು. ನಾನು ನಿಲ್ಲಿಸಲಿಲ್ಲ, ಹೇಮಶ್ರೀ ನಿಲ್ಲಿಸಿ ಎನ್ನಲೂ ಇಲ್ಲ.

ಬ್ಯಾರನ್ನಿನ ಸೊಪ್ಪು ಒಣಗಿ ಎರಡು ದಿನ ಬಿಟ್ಟು ಇಳಿಯಿತು. ಎಲೆ ಚಿನ್ನದ ಬಣ್ಣಕ್ಕೆ ಬಂದಿತ್ತು. ಅಂಥ ಸೊಪ್ಪು ಆ ವರ್ಷ ಆ ಸುತ್ತಿನಲ್ಲಿ ಯಾರಿಗೂ ಬಂದಿರಲಿಲ್ಲವೆಂದು ಕಾಂತರಾಜುವೇ ಹೇಳಿದ. ನೀಲಕಂಠಸ್ವಾಮಿಯವರು ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದರು. ಉತ್ತರವಾಗಿ ಮಕ್ಕಳು ಸಮುದ್ರದ ದಡದಲ್ಲಿ ನಿಂತಿರುವ ಫೋಟೋ ಬಂತು, ಅಷ್ಟೆ. ಅದನ್ನು ಅವರು ನನಗೆ ತೋರಿಸಿದರು, ಶಿವರುದ್ರಮ್ಮನವರಿಗೆ ತೋರಿಸಿದರು, ಬೀದಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದರು. "ಬಿಸಿಲು ಚುರುಕಾಗಿ ಅದೆ, ಟೋಪಿ ಆಕಿಲ್ಲ ನೋಡಿ" ಎಂದರು.

ಮರಳಿ ಬಂದವರನ್ನು ಬೆಂಗಳೂರಿನಿಂದ ಕರೆತರಲು ಹೊರಟಾಗ ಅವರು ನನಗಿಂತ ಮೊದಲೇ ತಯಾರಾಗಿ ಕಾರಿನಲ್ಲಿ ಕುಳಿತಿದ್ದರು. ಮರಳುವ ದಾರಿಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಬೆಲ್ಟು ಹಾಕಿಕೊಂಡಿರಾ? ಹಾಕಿಕೊಂಡೆವು. ಚೆಕಿಂಗ್‌ನಲ್ಲಿ ಹೆದರಿದಿರಾ? ಇಲ್ಲ. ಅಮ್ಮನ ಕೈ ಬಿಟ್ಟಿರಾ? ಬಿಡಲಿಲ್ಲ. ರಘು ವಾಂತಿ ಮಾಡಿದನಾ? ಇಲ್ಲ. ಪ್ರತಿ ಉತ್ತರಕ್ಕೂ ಅವರ ಮುಖ ಅರಳುತ್ತಿತ್ತು.

"ಆದ್ರೆ ರಘು ಅತ್ತ ಅಪ್ಪ" ಎಂದಳು ಭಾವನಾ. "ವಿಮಾನದಲ್ಲಿ. ತುಂಬಾ ಅತ್ತ."

"ಯಾಕವ್ವ, ಕಿವಿ ನೋವಾ?"

"ಅಲ್ಲ. ಮುಂದ್ಗಡೆ ಸೀಟಲ್ಲಿ ಅಪ್ಪ ಇಲ್ಲ ಅಂತ. ನೀವು ಯಾವಾಗ್ಲೂ ಮುಂದ್ಗಡೆ ಇರ್ತಿದ್ರಲ್ಲ."

ಮದ್ದೂರಿನಲ್ಲಿ ಕಾಫಿಗೆ ಇಳಿದಾಗ ಅವರು ಹೇಮಶ್ರೀಯ ಹತ್ತಿರ ಹೋಗಿ, "ಬೇಸಗೇಲಿ ಓಗವ, ಈ ಸಲ ಸಸಿಮಡಿ ಕಾಂತರಾಜುಗೇ ಬುಟ್ಟುಬುಡ್ತೀನಿ" ಎಂದರು. ಅವಳು ರಘುವಿನ ಬಾಯಿ ಒರೆಸುತ್ತಿದ್ದಳು. "ನಾನೇನೂ ಕೇಳ್ನಿಲ್ವಲ್ಲ" ಎಂದಳು, ಸಿಟ್ಟಿಲ್ಲದೆ.

ಇಂಥವರನ್ನು ನಾನು ನಮ್ಮ ಸೀಮೆಯಲ್ಲಿ ಬಹಳ ಜನ ಕಂಡಿದ್ದೇನೆ, ಹೆಗ್ಗಡದೇವನಕೋಟೆಯಿಂದ ಕೃಷ್ಣರಾಜನಗರದವರೆಗೆ ಊರಿಗೊಬ್ಬರು ಸಿಗುತ್ತಾರೆ. ಅವರಿಗೆ ಪ್ರೀತಿ ಕಡಿಮೆಯೆಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಮನೆಯವರಿಗೆ ಬರಬಹುದಾದ ಕಷ್ಟಗಳನ್ನೆಲ್ಲ ಮುಂಚೆಯೇ ಊಹಿಸಿ, ಒಂದೊಂದಕ್ಕೂ ಔಷಧಿ ಕಟ್ಟಿ, ಚೀಲ ತುಂಬಿ, ಹೊಸ್ತಿಲವರೆಗೆ ಬಂದು ಕಳಿಸಿಕೊಡುವವರು ಅವರು. ಅಷ್ಟೆಲ್ಲವನ್ನೂ ಜೋಡಿಸಿ ಕೊಟ್ಟ ಮೇಲೂ ಮನೆಯವರಿಗೆ ಜೊತೆಯಲ್ಲಿ ತಾವೂ ಬೇಕು ಎಂಬುದೊಂದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ಹೊಳೆಯುವ ಹೊತ್ತಿಗೆ ಮನೆಯವರು ಅವರಿಲ್ಲದೆ ಹೋಗಿಬರುವುದನ್ನು ಕಲಿತಿರುತ್ತಾರೆ.