ಮುನಿರಾಜುವಿನ ಎಡೆ

"ಬಿಡಮ್ಮಾ, ಕೋಲು ನನ್ ಕೈಗೆ ಕೊಡು. ನೀನ್ ಸ್ವಲ್ಪ ಕೂತ್ಕೋ," ಎಂದಳು ಶೈಲಜಾ.

"ಆಮೇಲ್ ಕೂತ್ಕೋತೀನಿ. ಗಂಟಾಗ್ಬಾರ್ದು ಅಷ್ಟೆ," ಎಂದು ತಾಯಮ್ಮ ಪಾತ್ರೆಯನ್ನು ಸಿಂಕಿನ ಅಂಚಿಗೆ ಒತ್ತಿ ಹಿಡಿದು ರಾಗಿಹಿಟ್ಟನ್ನು ಇನ್ನೊಮ್ಮೆ ತಿರುವಿದಳು. ಬೆಳಿಗ್ಗೆ ಹೇವರ್ಡಿನ ಚಿತಾಗಾರದಲ್ಲಿ ಗಂಡನನ್ನು ಬೆಂಕಿಗೆ ಕೊಟ್ಟು ಬಂದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಬೆನ್ನ ಮೇಲೆ ಬಿಟ್ಟುಕೊಂಡು, ಪ್ಲೆಸೆಂಟನ್ನಿನ ಮಗಳ ಮನೆಯ ಅಡುಗೆಮನೆಗೆ ನುಗ್ಗಿದವಳು ಇನ್ನೂ ಕೂತಿರಲಿಲ್ಲ.

ಒಲೆಯ ಮೇಲೆ ಹಿತಕವರೆ ಸಾರು ಕುದಿಯುತ್ತಿತ್ತು. ಕಾಳು ಫ್ರೋಜನ್ನು, ಅಳಿಯ ಶಿವರಾಜ ಇಂಡಿಯನ್ ಗ್ರೋಸರಿಯಿಂದ ತಂದದ್ದು. ಬಿಸಿ ಮುದ್ದೆ, ಹಿತಕವರೆ ಸಾರು ಇದ್ದರೆ ಮುನಿರಾಜುವಿಗೆ ಸ್ವರ್ಗವೂ ಬೇಡವಾಗಿತ್ತು. ಈಗ ಸ್ವರ್ಗಕ್ಕೇ ಅದನ್ನು ಕಟ್ಟಿಕೊಡುವ ಹಾಗಾಯಿತು.

ಅವರ ಕಡೆ ಮೂರನೆಯ ದಿನಕ್ಕೆ ಹಾಲುತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಟ್ಟು ಕಾಯಬೇಕು. ಕಾಗೆ ಬಂದು ಮುಟ್ಟಿದರೆ ಹೋದವರು ಸಮಾಧಾನವಾಗಿ ಹೋದರು, ಮುಟ್ಟದಿದ್ದರೆ ಏನನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೋದರು. ಆದರೆ ಅಮೆರಿಕದಲ್ಲಿ ಸತ್ತವರಿಗೂ ಅಪಾಯಿಂಟ್‌ಮೆಂಟು ಬೇಕು. ಮಂಗಳವಾರ ಹೋದ ಮುನಿರಾಜುವಿಗೆ ದಹನದ ಸ್ಲಾಟು ಸಿಕ್ಕಿದ್ದು ಶನಿವಾರ. ಮೂರನೆಯ ದಿನ ಪಾಪ ಆತ ಇನ್ನೂ ಫ್ರೀಜರಿನಲ್ಲೇ ಮಲಗಿದ್ದ. ದಹನವೂ ಎಡೆಯೂ ಒಂದೇ ದಿನ ಆಗಿಹೋಗಲಿ ಎಂದು ತಾಯಮ್ಮನೇ ತೀರ್ಮಾನ ಮಾಡಿದ್ದಳು.

ಅವಳಿಗೆ ಕಾಗೆ ಬೇಕಾಗಿತ್ತು. ಬೇಕೇ ಬೇಕಾಗಿತ್ತು. ಹಿಂದಿನ ಭಾನುವಾರ ಅವಳ ಬಾಯಿಂದ ಬೀಳಬಾರದ ಒಂದು ಮಾತು ಬಿದ್ದಿತ್ತು.

*

ಮುನಿರಾಜು ಬೆಂಗಳೂರಿನಲ್ಲಿ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವನು. ರಿಟೈರಾಗಿ ಒಬ್ಬಳೇ ಮಗಳ ಮನೆಗೆ ಬಂದು, ಟೀವಿ ಮುಂದೆ ಕೂತು ಕೂತು ತಲೆ ಕೆಟ್ಟು, ಫ್ರೀಮಾಂಟ್ ಕಡೆ ಕೊಲ್ಲಿಯ ದಂಡೆಯಲ್ಲಿರುವ ವನ್ಯಧಾಮದಲ್ಲಿ ವಾಲಂಟಿಯರಾಗಿ ಸೇರಿಕೊಂಡ. ಕಾರು ಓಡಿಸುವುದನ್ನೂ ಇಲ್ಲೇ ಕಲಿತ. ಕಂಡಕ್ಟರು ಕೊನೆಗೂ ಡ್ರೈವರಾದ ಎಂದು ಅವನೇ ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಭಾನುವಾರ ಬಂತೆಂದರೆ ಮಕ್ಕಳ ಮನೆಗೆ ಬಂದು ಸುಮ್ಮನೆ ಕೂತಿರುವ ಕನ್ನಡದ ಹಿರಿಯರನ್ನೆಲ್ಲ ಗುಡ್ಡೆ ಹಾಕಿಕೊಂಡು, ಉಪ್ಪುನೀರಿನ ಕೆರೆಗಳ ನಡುವಿನ ಏರಿಯ ಮೇಲೆ ನಡೆಸಿಕೊಂಡು ಹೋಗುವನು. "ಹತ್ತೋದಿಲ್ಲ, ಇಳಿಯೋದಿಲ್ಲ! ಮುಂದಕ್ ನಡೀರಿ, ಮುಂದ್ಗಡೆ ಖಾಲಿ ಇದೆ!" ಎಂದು ಅವನು ಕೂಗಿದರೆ ನೀರಿನಲ್ಲಿ ನಿಂತ ಬೆಳ್ಳಕ್ಕಿಗಳೂ ಎರಡು ಹೆಜ್ಜೆ ಸರಿಯುತ್ತಿದ್ದವು. ಅಲ್ಲಿ ಹಕ್ಕಿಗಳಿಗೆ ತಿನ್ನಲು ಏನೂ ಹಾಕಬಾರದೆಂಬ ನಿಯಮವಿದೆ. ಹಾಕಲು ಹೋದವರ ಗತಿ, ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವರ ಗತಿಯೇ. ಒಮ್ಮೆ ಡ್ಯಾನ್‌ವಿಲ್ಲಿನ ಒಂದು ಸಂಸಾರ ಮಗುವಿನ ಕೈಯಲ್ಲಿ ಕಡಲೆಪುರಿ ಎರಚಿಸುತ್ತಿತ್ತು. ಮುನಿರಾಜು ಓಡಿಯೇ ಹೋದ.

"ಸ್ವಾಮೀ, ಪುರಿ ಬ್ಯಾಗಿಗೆ ಹಾಕಿ. ಅವು ದುಡ್ಕೊಂಡ್ ತಿನ್ನೋ ಜೀವ. ನಾವು ಬಿಟ್ಟಿ ಹಾಕಿ ಹಾಳ್ ಮಾಡ್ಬಾರ್ದು."

"ಒಂದ್ ಹಿಡಿ ತಾನೆ ಅಂಕಲ್?"

"ಎಲ್ಲಾರೂ ಒಂದೊಂದ್ ಹಿಡೀನೇ ಸ್ವಾಮಿ ಹಾಕೋದು!"

ಇದನ್ನೆಲ್ಲ ಅವನು ಮನೆಗೆ ಬಂದು ಅಭಿನಯಿಸಿ ತೋರಿಸುತ್ತಿದ್ದ. ತಾಯಮ್ಮ ಕಣ್ಣಾರೆ ಕಂಡದ್ದು ಯಾವುದೂ ಇಲ್ಲ. ಅವಳು ಪ್ರತಿ ಭಾನುವಾರ ಜೊತೆಯಲ್ಲಿ ಬರುತ್ತಿದ್ದಳು, ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೇ ಕೂತಿರುತ್ತಿದ್ದಳು. ಕೇಳಿದವರಿಗೆ ಮಂಡಿ ನೋವು ಎನ್ನುವಳು. ಮಂಡಿ ನೋವು ಇತ್ತು ನಿಜ, ಆದರೆ ಅದಕ್ಕಿಂತ ಹಳೆಯ ನೋವೊಂದಿತ್ತು. ಮೂವತ್ತು ವರ್ಷ ಊರಿಗೆಲ್ಲ ಟಿಕೆಟ್ ಹರಿದವನು ಅವಳನ್ನು ಒಂದು ದಿನ ಲಾಲ್‌ಬಾಗಿಗೂ ಕರೆದುಕೊಂಡು ಹೋಗಿರಲಿಲ್ಲ. ಯಾವಾಗ ಕೇಳಿದರೂ ಡ್ಯೂಟಿ, ಡಬಲ್ ಡ್ಯೂಟಿ.

ಆ ಭಾನುವಾರ ಅವನು ಕಾರಿನ ಬಾಗಿಲು ತೆಗೆದು ಕೈ ಚಾಚಿದ್ದ. "ಬಾರೇ, ಒಂದೇ ಒಂದ್ ರೌಂಡು. ನೆಲ ಅಂಗೈ ಇದ್ದಂಗದೆ."

"ವಯಸ್ನಲ್ಲಿ ಕರೀನಿಲ್ಲ, ಈಗ ಕೆಸ್ರು ತೋರ್ಸಕ್ಕೆ ಕರೀತೀಯಾ? ನೀನ್ ಸತ್ರೂ ನಾನ್ ಅಲ್ಲಿಗೆ ಬರಲ್ಲ, ಹೋಗಯ್ಯ!"

ಮುನಿರಾಜು ನಕ್ಕು ಬಾಗಿಲು ಹಾಕಿಕೊಂಡು ಹೋದ. ಮಂಗಳವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕುರ್ಚಿಯಲ್ಲೇ ವಾಲಿದ. ನಿಜವಾಗಿ ನಕ್ಕಿದ್ದನೋ, ನೋವು ನುಂಗಿಕೊಂಡು ನಕ್ಕಿದ್ದನೋ, ಕೇಳೋಣವೆಂದರೆ ಆಸಾಮಿಯೇ ಇಲ್ಲ.

*

ಹಿತ್ತಿಲಿನ ಕಟ್ಟೆಯ ಮೇಲೆ ಎಡೆ ಇಟ್ಟು ಎಲ್ಲರೂ ದೂರ ನಿಂತರು. ಮಗಳು, ಅಳಿಯ, ಹೈಸ್ಕೂಲಿಗೆ ಹೋಗುವ ಮೊಮ್ಮಗಳು ತನ್ವಿ, ಜೊತೆಗೆ ಕಾಶವ್ವ. ಕಾಶವ್ವ ಗದಗಿನ ಕಡೆಯವಳು, ಲಿವರ್‌ಮೋರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಮುನಿರಾಜುವಿನ ಭಾನುವಾರದ ನಡಿಗೆಯನ್ನು ಒಂದು ವಾರವೂ ತಪ್ಪಿಸಿದವಳಲ್ಲ. ಚಿತಾಗಾರದಿಂದ ನೇರವಾಗಿ ಇವರ ಜೊತೆಗೇ ಬಂದುಬಿಟ್ಟಿದ್ದಳು.

ಕಾಗೆಯ ಸುಳಿವಿಲ್ಲ. ಬಂದದ್ದು ಒಂದು ಅಳಿಲು. ಕಾಶವ್ವ ಅದನ್ನು ಹಚಾ ಹಚಾ ಎಂದು ಓಡಿಸಿದಳು.

ಶಿವರಾಜ ಗಂಟಲು ಸರಿಮಾಡಿಕೊಂಡ. "ಮಾವಾ, ಅತ್ತೇನ ನಾವ್ ಚೆನ್ನಾಗ್ ನೋಡ್ಕೋತೀವಿ. ಪ್ರಾಮಿಸ್."

ಕಾಗೆ ಬರಲಿಲ್ಲ.

"ಅಪ್ಪಾ, ಮೀಟಿಂಗು ಮೀಟಿಂಗು ಅಂತ ನಿನ್ ಜೊತೆ ಒಂದಿನ ಕೂತ್ಕೊಳ್ಲಿಲ್ಲ. ತಪ್ಪಾಯ್ತಪ್ಪಾ," ಎಂದು ಶೈಲಜಾ ಬಿಕ್ಕಿದಳು. ಆಗಲೂ ಬರಲಿಲ್ಲ.

"ಆ ಗೂಗಿ ನೋಡಿ ಅಂಜಿರ್ಬೇಕವ್ವಾ," ಎಂದು ಕಾಶವ್ವ ಪಕ್ಕದ ಮನೆಯ ಮಾಡು ತೋರಿಸಿದಳು. ಹಕ್ಕಿಗಳನ್ನು ಹೆದರಿಸಲು ಅವರು ಅಲ್ಲೊಂದು ಪ್ಲಾಸ್ಟಿಕ್ ಗೂಬೆ ಕೂರಿಸಿದ್ದರು.

ತಾಯಮ್ಮ ಗೂಬೆಯನ್ನು ನೋಡಲಿಲ್ಲ. ಯಾರ ಮಾತಿಗೆ ಕಾಗೆ ಕಾಯುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ತಟ್ಟೆ ಎತ್ತಿಕೊಂಡಳು, ಮೇಲೊಂದು ತಟ್ಟೆ ಮುಚ್ಚಿದಳು.

"ಅವಯ್ಯ ಇಲ್ಲೆಲ್ಲಿರ್ತಾನೆ? ಅಲ್ಲಿರ್ತಾನೆ. ಕಾರ್ ತೆಗಿ ಶಿವರಾಜ."

"ಅತ್ತೆ, ಅದು ಗೌರ್ಮೆಂಟ್ ಜಾಗ. ಅಲ್ಲಿ ಫೀಡ್ ಮಾಡುದ್ರೆ ಫೈನ್ ಹಾಕ್ತಾರೆ."

"ಹಾಕ್ಲಿ."

ತನ್ವಿ ಅಡ್ಡ ನಿಂತಳು. ತಾತನ ಜೊತೆ ಎಷ್ಟೋ ಭಾನುವಾರ ನಡೆದವಳು ಅವಳು. "ಅಜ್ಜೀ, ಯೂ ಕಾಂಟ್. ತಾತ ವುಡ್ ಬಿ ಸೋ ಮ್ಯಾಡ್ ಅಟ್ ಯೂ."

"ಸಿಟ್ಟಾಗವ್ನೋ ಇಲ್ವೋ ಅಂತ್ಲೇ ಮಗಾ ನಂಗ್ ಗೊತ್ತಾಗ್ಬೇಕಾಗಿರೋದು! ಸರ್ಕೋ," ಎಂದಳು ತಾಯಮ್ಮ. ಆ ದನಿಗೆ ತನ್ವಿ ಸರಿದುಕೊಂಡಳು.

ಫ್ರೀವೇಯುದ್ದಕ್ಕೂ ತಾಯಮ್ಮ ತಟ್ಟೆಯನ್ನು ಮಡಿಲಲ್ಲೇ ಹಿಡಿದಿದ್ದಳು. ವನ್ಯಧಾಮದ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಂತಾಗ, ಯಾರಾದರೂ ಬಂದು ಬಾಗಿಲು ತೆಗೆಯುವ ಮೊದಲೇ ತಾಯಮ್ಮ ತಾನೇ ತೆಗೆದು ಇಳಿದಳು. ಮಂಡಿ ಚುರುಕ್ ಎಂದಿತು. ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಡೆಯತೊಡಗಿದಳು.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಹಾದಿ ನಿಜವಾಗಿಯೂ ಅಂಗೈಯ ಹಾಗೆ ಸಮತಟ್ಟಾಗಿತ್ತು. ಎರಡೂ ಬದಿಗೆ ನೀರು ಇಳಿದು ಹೊಳೆಯುವ ಕೆಸರು, ಅಂಚಿನಲ್ಲಿ ಅಕ್ಟೋಬರಿನ ಬಿಸಿಲಿಗೆ ಕೆಂಪಾದ ಉಪ್ಪುಗಿಡಗಳು, ದೂರದಲ್ಲಿ ಡಂಬಾರ್ಟನ್ ಸೇತುವೆಯ ಮೇಲೆ ಸಾಲುಗಟ್ಟಿದ ಕಾರುಗಳು. ಕೆಸರಿನ ವಾಸನೆ ಅವಳು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಉದ್ದ ಕೊಕ್ಕಿನ ಸಣ್ಣ ಹಕ್ಕಿಗಳು ನೂರಾರು, ತಲೆ ತಗ್ಗಿಸಿ ತಮ್ಮ ಪಾಡಿಗೆ ದುಡಿಯುತ್ತಿದ್ದವು.

ಕಾಶವ್ವ ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ ಬಂದಳು. ಬಾಯಿ ಸುಮ್ಮನಿರುವ ಹೆಂಗಸಲ್ಲ ಅವಳು.

"ಆ ಗುಡ್ಡದ ಮ್ಯಾಲಿನ ಹಾದಿ ಐತಲ್ಲವ್ವಾ, ಅಲ್ಲಿಂದ ಇಡೀ ಕೊಲ್ಲಿ ಕಾಣ್ತೈತಂತ. ಒಂದ್ ಸಲ ಕರ್ಕೊಂಡ್ ಹೋಗ್ರಿ ಅಂತ ನಾವೆಲ್ಲಾ ಎಷ್ಟ್ ಗಂಟುಬಿದ್ವಿ. ಜಪ್ಪಯ್ಯ ಅನ್ಲಿಲ್ಲ ನಿಮ್ಮ ಯಜಮಾನ್ರು. 'ಇಲ್ಲಮ್ಮ, ನಮ್ಮನೆಯೋಳ ಮಂಡಿಗೆ ಅದು ಆಗಲ್ಲ' ಅಂತಿದ್ರು."

ತಾಯಮ್ಮ ನಿಂತಳು. "ನನ್ ಮಂಡೀಗಾ?"

"ಹೂನವ್ವಾ. ಅಕಿ ಬರೂದೇ ಇಲ್ಲಲ್ರೀ, ಅಕಿ ಮಂಡಿ ಕಟ್ಕೊಂಡು ನಮಗೇನಾಗ್ಬೇಕ್ರೀ ಅಂತ ನಾ ಒಂದಿನ ಬೈದೂ ಬಿಟ್ಟೆ. ನಕ್ಕರು. 'ಸಿಟ್ಟಿಳಿದ್ಮೇಲೆ ಬತ್ತಾಳೆ ಕಾಶಮ್ಮ. ಬಂದಾಗ ಯಾವ ಹಾದಿ ಆಗ್ತದೆ, ಎಲ್ಲಿ ಕೂರಿಸ್ಬೇಕು ಅಂತ ನಂಗ್ ಗೊತ್ತಿರ್ಬೇಕಲ್ಲ' ಅಂದ್ರು. ಅದಕ್ಕ ಎಲ್ಲಾ ಸಪಾಟು ಹಾದಿನ ತುಳಿಸಿದ್ರು ನಮಗ. ಅಕೋ, ಮುಂದ ಹಲಗಿ ಸೇತುವಿ ಮ್ಯಾಲೆ ಬೆಂಚ್ ಕಾಣ್ತೈತಲ್ಲಾ, ಅದರಾಗ ನಮ್ಮನ್ನ ಕುಂಡ್ರಾಕ ಬಿಡ್ತಿರ್ಲಿಲ್ಲ. ಲೇಡೀಸ್ ಸೀಟು, ಬುಕ್ ಆಗೈತಿ ಅಂತಿದ್ರು."

ತಾಯಮ್ಮನಿಗೆ ಮೊದಲು ಬಂದದ್ದು ಅಳುವಲ್ಲ, ಮೈಯೆಲ್ಲ ಉರಿಯುವಂಥ ಕೋಪ.

"ಇದನ್ನ ಬಾಯ್ಬಿಟ್ಟು ನನ್ ಹತ್ರ ಹೇಳಕ್ಕೇನಾಗಿತ್ತು ಆ ದರಿದ್ರದೋನಿಗೆ! ಬಸ್ನಲ್ಲಿ ಅಷ್ಟು ಬಾಯಿ ಮಾಡ್ತಿದ್ನಲ್ಲಾ!" ಎಂದು ಕೂಗಿದಳು. ಎದುರಿಗೆ ಬರುತ್ತಿದ್ದ ಬಿಳಿಯ ದಂಪತಿ ಬೆಚ್ಚಿ ಪಕ್ಕಕ್ಕೆ ಸರಿದರು. ಆಮೇಲೆ, ಬೆಳಿಗ್ಗೆ ಚಿತಾಗಾರದಲ್ಲೂ ಅಳದಿದ್ದವಳು, ತಟ್ಟೆಯನ್ನು ಮಾತ್ರ ಅಲುಗಾಡಿಸದೆ ಹಿಡಿದುಕೊಂಡು, ಹಾದಿಯ ಮಧ್ಯದಲ್ಲೇ ನಿಂತು ಗೊಳೋ ಎಂದು ಅತ್ತಳು. ಶೈಲಜಾ ತಬ್ಬಿಕೊಳ್ಳಲು ಬಂದರೆ ಮೊಣಕೈಯಿಂದ ತಳ್ಳಿ, ಮೂಗು ಒರೆಸಿಕೊಂಡು, ಮತ್ತೆ ನಡೆದಳು.

ಬೆಂಚಿನ ಮುಂದೆ ಹಲಗೆಯ ಮೇಲೆ ತಟ್ಟೆ ಇಟ್ಟು ಮುಚ್ಚಳ ತೆಗೆದಳು. ಮುದ್ದೆ ಇನ್ನೂ ಬೆಚ್ಚಗಿತ್ತು. ಶಿವರಾಜ ಯಾರಾದರೂ ರೇಂಜರು ಬರುತ್ತಾರೇನೋ ಎಂದು ಹಿಂದೆ ಮುಂದೆ ನೋಡುತ್ತಿದ್ದ. ತನ್ವಿ ಮುಖ ತಿರುಗಿಸಿಕೊಂಡು ನಿಂತಿದ್ದಳು.

ಇಲ್ಲಿ ಕಾಯಬೇಕಾಗಲಿಲ್ಲ. ವಿದ್ಯುತ್ ಕಂಬದ ಮೇಲಿಂದ ಒಂದು ಕಾಗೆ ಇಳಿದು ಸೇತುವೆಯ ಅಂಚಿನ ಕಟಾಂಜನದ ಮೇಲೆ ಕೂತಿತು. ಕತ್ತು ಓರೆ ಮಾಡಿ ತಟ್ಟೆಯನ್ನೂ ತಾಯಮ್ಮನನ್ನೂ ನೋಡಿತು. ಹಲಗೆಗೆ ಇಳಿಯಿತು, ಕುಪ್ಪಳಿಸಿತು, ಇನ್ನೊಂದು ಸಲ ಕುಪ್ಪಳಿಸಿತು.

"ಅಪ್ಪಾ..." ಎಂದು ಶೈಲಜಾ ಕೈ ಮುಗಿದಳು. ಕಾಶವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು.

ಕಾಗೆ ಕೊಕ್ಕು ಚಾಚಿತು. ಮುದ್ದೆಗೂ ಕೊಕ್ಕಿಗೂ ಒಂದು ಬೆರಳಿನಷ್ಟು ಜಾಗವಿತ್ತು.

"ಹುಶ್!"

ತಾಯಮ್ಮ ತೋಳು ಬೀಸಿದ ರಭಸಕ್ಕೆ ಕಾಗೆ ಹಾರಿ ಕಟಾಂಜನ ಸೇರಿ ಕಾ ಕಾ ಎಂದು ಬೈಯತೊಡಗಿತು.

"ಅಮ್ಮಾ! ಬಂದಿತ್ತಲ್ಲಮ್ಮಾ! ಮುಟ್ತಾ ಇತ್ತು! ನೀನೇ ಓಡಿಸ್ಬಿಟ್ಯಲ್ಲ!"

"ಇಲ್ಲಿ ಹಾಕೋ ಹಂಗಿಲ್ಲ ಕಣೇ," ಎಂದಳು ತಾಯಮ್ಮ. "ಊರಿಗೆಲ್ಲಾ ಹಾಕ್ಬೇಡ್ರಪ್ಪಾ ಹಾಕ್ಬೇಡ್ರಪ್ಪಾ ಅಂತ ಬಡ್ಕೊಂಡೋನು. ಅವನ್ ಎಡೇನೇ ಇಲ್ಲಿ ಚೆಲ್ಲುದ್ರೆ ನಾಳೆ ಬಂದೋರ್ಗೆ ಯಾವ್ ಬಾಯಲ್ಲಿ ಬೇಡ ಅನ್ಲಿ ನಾನು?"

"ನೀನಾ? ನೀನ್ ನಾಳೆ ಬರ್ತೀಯಾ?"

"ನಾಳೆ ಭಾನುವಾರ ಅಲ್ವಾ?"

ತನ್ವಿ ಬಂದು ಅಜ್ಜಿಯ ಪಕ್ಕ ನಿಂತಳು.

ತಾಯಮ್ಮ ತಟ್ಟೆ ಎತ್ತಿಕೊಂಡು ಬೆಂಚಿನ ಮೇಲೆ ಕೂತಳು. ಮಂಗಳವಾರದಿಂದ ಅವಳ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಎಡೆಯ ಕೂಳು ಹೆಂಡತಿ ತಿನ್ನಬಾರದು ಎಂದು ಕಾಶವ್ವ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಗಾಳಿ ಜೋರಾಯಿತು. ಕಾಗೆ ಕಟಾಂಜನದ ಮೇಲೆ ಅತ್ತಿಂದಿತ್ತ ನಡೆದು ಕೊನೆಯ ತುತ್ತಿನವರೆಗೂ ನೋಡಿತು. ತಾಯಮ್ಮ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದಳು, ಆಮೇಲೆ ಬಾಗಿ, ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಹಲಗೆಯ ಸಂದಿಗೆ ಬಿದ್ದಿದ್ದ ಒಂದೇ ಒಂದು ಅವರೆಬೇಳೆಯನ್ನು ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡಳು.