ನೀಲಿ ಪದರ

ಬಟ್ಟಲಿನಲ್ಲಿ ಸೋಪಿನ ನೀರು ಕದಡಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಅಚ್ಚಿನ ಒಳಗೆ ಬಳಿಯುತ್ತಿದ್ದೆ. ಮೂಗಿನ ಗುಳಿ, ತುಟಿಯ ಗುಳಿ, ಕಣ್ಣಿನ ಎರಡು ತಗ್ಗು. ಎದುರಿನ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ಟಿಕೆಟ್ ಕೌಂಟರಿನ ಬೀಗದ ಕೈ ಅವಳ ಮಡಿಲಲ್ಲಿತ್ತು. ಸೋಪು ಹಚ್ಚದೆ ಪ್ಲಾಸ್ಟರ್ ಸುರಿದರೆ ಅಚ್ಚೂ ಮುಖವೂ ಕಚ್ಚಿಕೊಂಡುಬಿಡುತ್ತವೆ. ಆಮೇಲೆ ಏನು ಮಾಡಿದರೂ ಬಿಡಿಸಲು ಬರುವುದಿಲ್ಲ.

ಅದು ಅಕ್ಕನ ಮುಖದ ಅಚ್ಚು.

ನಮ್ಮದು ಒಂದು ಕಾಲೇಜನ್ನು ನಂಬಿಕೊಂಡು ಬದುಕುವ ಸಣ್ಣ ಊರು. ಹೊರಗಿನಿಂದ ಬಂದವರಿಗೆ ತೋರಿಸಲು ಇರುವುದು ಮೂರೇ: ಗಡಿಯಾರದ ಗೋಪುರ, ಎರಡು ಕೋಣೆಯ ಮ್ಯೂಸಿಯಂ, ಕಾಲೇಜಿನ ಹಿಂದಿನ ಕಲಾಭವನ. ಕಲಾಭವನದ ಮೇಷ್ಟ್ರು ಎಪ್ಪತ್ತು ದಾಟಿದ ಶಿಲ್ಪಿ. ಊರಿನವರ ಮುಖಗಳನ್ನು ಪ್ಲಾಸ್ಟರಿನಲ್ಲಿ ತೆಗೆದು ಗೋಡೆಗೆ ಹಾಕುತ್ತಿದ್ದರು. ಅಂಚೆಯವನದು, ಹಲ್ಲಿನ ಡಾಕ್ಟರದು, ಪ್ರಿನ್ಸಿಪಾಲರದು, ಹೀಗೆ ಮೂವತ್ತೊಂಬತ್ತು ಆಗಿದ್ದವು. ನಲವತ್ತನೆಯದು ಅಕ್ಕನದು. ನಾನು ಮೇಷ್ಟ್ರ ಕೈಕೆಳಗೆ ಕೆಲಸಕ್ಕಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎದ್ದು ನಿಂತು ಓದು ಅಂದರೆ ಗಂಟಲು ಕಟ್ಟಿಕೊಳ್ಳುತ್ತಿತ್ತು. ಪ್ಲಾಸ್ಟರಿನ ಹತ್ತಿರ ಮಾತಾಡಬೇಕಾಗಿಲ್ಲ.

ಮೇಷ್ಟ್ರದು ಹಳೆಯ ಪದ್ಧತಿ. ಮುಖಕ್ಕೆ ಎಣ್ಣೆ ಹಚ್ಚಿ, ನೀಲಿ ಪುಡಿ ಬೆರೆಸಿದ ಪ್ಲಾಸ್ಟರನ್ನು ಮೊದಲು ತೆಳ್ಳಗೆ ಬಳಿಯುತ್ತಾರೆ. ಅದರ ಮೇಲೆ ದಪ್ಪಗೆ ಬಿಳಿ. ಗಟ್ಟಿಯಾದ ಮೇಲೆ ಎತ್ತಿದರೆ ಅದೇ ಅಚ್ಚು. ಅದರೊಳಗೆ ಮತ್ತೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಹೊರಗಿನ ಅಚ್ಚನ್ನು ಉಳಿ ಮತ್ತು ಮರದ ಸುತ್ತಿಗೆಯಿಂದ ಒಡೆದು ತೆಗೆಯಬೇಕು. "ಬಿಳಿ ಇರೋ ತನಕ ಧೈರ್ಯವಾಗಿ ಹೊಡಿ ಮಗು. ನೀಲಿ ಕಂಡ ತಕ್ಷಣ ಕೈ ತಡಿ. ಅದರ ಕೆಳಗೇ ಮುಖ ಇರುತ್ತೆ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು.

ಅಕ್ಕನ ಅಚ್ಚು ತೆಗೆದ ದಿನ ನಾನು ಪ್ಲಾಸ್ಟರ್ ಮೂಟೆ ತರಲು ಹೋಗಿದ್ದೆ. ಮುಖದ ಪೌಡರ್ ತೊಳೆದುಕೊಳ್ಳಲು ಅವಳು ಒಪ್ಪಲೇ ಇಲ್ಲವಂತೆ. "ಪೌಡರಿನ ಮೇಲೇ ಎಣ್ಣೆ ಹಚ್ಚಿದೆ, ಏನು ಶೋಕಿಯೋ ನಿಮ್ಮಕ್ಕನಿಗೆ" ಎಂದು ಮೇಷ್ಟ್ರು ನಕ್ಕಿದ್ದರು.

ಬಲಗೆನ್ನೆಯ ಮೂಳೆಯ ಹತ್ತಿರ ಬ್ರಷ್ಷು ಒಂದು ಗುಳಿಗೆ ಇಳಿಯಿತು. ಗಾಳಿಗುಳ್ಳೆ ಇರಬೇಕು ಅಂದುಕೊಂಡೆ. ಅಚ್ಚಿನಲ್ಲಿ ಗುಳಿ ಇದ್ದರೆ ಮುಖದ ಮೇಲೆ ಗಂಟು ಬರುತ್ತದೆ. ಅಂಥವನ್ನು ಜೇಡಿಮಣ್ಣಿನಿಂದ ಮುಚ್ಚುವುದು ನನ್ನ ಕೆಲಸ. ಒಂದನ್ನು ಮುಚ್ಚಿದೆ. ಪಕ್ಕದಲ್ಲಿ ಇನ್ನೊಂದಿತ್ತು. ಅದರ ಪಕ್ಕ ಮತ್ತೊಂದು. ಒಟ್ಟು ನಾಲ್ಕು, ಒಂದೇ ಸಾಲಿನಲ್ಲಿ. ಗಾಳಿಗುಳ್ಳೆಗಳು ಸಾಲಾಗಿ ನಿಲ್ಲುವುದಿಲ್ಲ. ಮೂರನೆಯದರ ನಡುವೆ ಸಣ್ಣದೊಂದು ಚೌಕವಿತ್ತು, ನಾಲ್ಕೂ ಮೂಲೆ ಸ್ಪಷ್ಟವಾಗಿ.

ಆ ಚೌಕವನ್ನು ನಾನು ದಿನಾ ನೋಡುತ್ತಿದ್ದೆ. ಭಾವ ಊಟಕ್ಕೆ ಕೂತಾಗ ತಟ್ಟೆಯ ಅಂಚಿಗೆ ಟಣ್ ಎನ್ನುವ ಉಂಗುರದ ಕಲ್ಲು ಅದು. ನಾನಿರುವುದು ಅವರ ಮನೆಯಲ್ಲೇ. ಅವನು ಕಲಾಭವನದ ಲೈಟಿನವನು.

ಅಕ್ಕನ ಕೆನ್ನೆಗೆ ಇಳಿಬಿಟ್ಟಿದ್ದ ಕೂದಲು ಸರಿಸಲು ಕೈ ಚಾಚಿದೆ. ಅವಳು ಹಿಂದಕ್ಕೆ ಜರುಗಿದಳು.

"ಬಾಗಿಲು ತಾಗ್ತು ಕಣೆ."

"ಬಾಗಿಲು ಉಂಗುರ ಹಾಕ್ಕೊಂಡಿತ್ತಾ?"

ಅವಳಿಗೆ ನಗು ಬಂತು. ನೋವಿಗೆ ಅರ್ಧದಲ್ಲೇ ನಿಂತಿತು.

"ಎಷ್ಟು ದಿನದಿಂದ, ಅಕ್ಕ?"

"ಮದುವೆ ಆಗಿ ಎಷ್ಟು ದಿನ ಆಯ್ತು ಅಂತ ನೀನೇ ನೋಡ್ಕೋ." ಅಚ್ಚಿನೊಳಗೆ ಇಣುಕಿ ನೋಡಿದಳು. "ಎಲ್ಲಾ ಮುಚ್ಚಿಬಿಡೆ. ಶುಕ್ರವಾರ ಇದನ್ನ ಜನರ ಮುಂದೇನೇ ಒಡೀತಾರಂತೆ. ಕಂಡುಬಿಟ್ರೆ ನಿಮ್ಮ ಭಾವ ನನ್ನ ಉಳಿಸಲ್ಲ."

"ಜನಕ್ಕೆ ಗೊತ್ತಾದ್ರೆ ಭಾವನೇ ಹೆದರ್ತಾರೆ. ಅಷ್ಟು ಜನ ಸುಮ್ನೆ ಇರ್ತಾರಾ?"

"ನೀನು ಜನಾನ ಯಾವಾಗ ನೋಡಿದೀಯೆ? ಗೋಡೆ ಮೇಲಿರೋರನ್ನ ನೋಡಿದೀಯ, ಅಷ್ಟೇ."

"ಆಯ್ತು, ಮುಚ್ತೀನಿ" ಎಂದೆ.

ಅವಳು ಕೌಂಟರಿಗೆ ಹೋದ ಮೇಲೆ, ಮುಚ್ಚಿದ್ದ ಒಂದರ ಮಣ್ಣನ್ನೂ ಸೂಜಿಯಿಂದ ಕೆದಕಿ ತೆಗೆದೆ. ಮತ್ತೊಂದು ಸಲ ಸೋಪು ಬಳಿದು ಪ್ಲಾಸ್ಟರ್ ಸುರಿದೆ.

ಶುಕ್ರವಾರ ಮಧ್ಯಾಹ್ನ ಪರದೆ ಎಳೆದು ಹಾಲ್ ಕತ್ತಲು ಮಾಡಿದ್ದರು. ಭಾವ ಏಣಿ ಹತ್ತಿ ಕೂತಿದ್ದ.

"ಏ ಮೂಗಿ, ಆ ಟೇಬಲ್ ಸ್ವಲ್ಪ ಎಡಕ್ಕೆ ಎಳಿ. ಎದುರಿಂದ ಲೈಟ್ ಬಿಟ್ರೆ ಮುಖ ಸುಣ್ಣ ಬಳಿದ ಗೋಡೆ ಥರ ಕಾಣುತ್ತೆ. ಪಕ್ಕದಿಂದ ಬಿಡಬೇಕು. ಆಗ ರೆಪ್ಪೆ ಕೂದಲೂ ನೆರಳು ಬಿಡುತ್ತೆ."

ಅವನಿಗೆ ಕೆಲಸ ಗೊತ್ತಿತ್ತು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಪೌಡರ್ ಪೆಟ್ಟಿನ ಬಣ್ಣವನ್ನು ಮುಚ್ಚುತ್ತದೆ, ಉಬ್ಬನ್ನು ಮುಚ್ಚುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಐವತ್ತು ಜನ ಸೇರಿದ್ದರು. ಗೋಡೆಯ ಮೇಲೆ ಮುಖವಿದ್ದವರು ಮೊದಲ ಸಾಲಿನಲ್ಲಿದ್ದರು. ಟಿಕೆಟ್ ಹರಿದು ಮುಗಿಸಿದ ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಶುರು ಮಾಡು ಮಗು" ಎಂದರು.

"ಹುಷಾರು ಮೂಗಿ!" ಭಾವ ಮೇಲಿನಿಂದ ಕೂಗಿದ. "ಅದು ನಮ್ಮ ಮನೆಯವಳ ಮುಖ. ಒಡೆದುಹೋದ್ರೆ ನಾನು ಇನ್ನೊಂದು ಹೆಂಡತಿ ಹುಡುಕಬೇಕಾಗುತ್ತೆ!"

ಎಲ್ಲರೂ ನಕ್ಕರು. ನಾನು ಉಳಿ ಇಟ್ಟು ಹೊಡೆದೆ. ಬಿಳಿ ಚೂರುಗಳು ಹಾರಿದವು. ನೀಲಿ ಕಂಡಿತು. ಕೈ ಹಗುರ ಮಾಡಿದೆ. ಹಣೆ ಬಂತು, ಮೂಗು ಬಂತು, ಗದ್ದ ಬಂತು. ಬಲಗೆನ್ನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ನೀಲಿಯ ಕೊನೆಯ ಚೂರು ಬಿದ್ದಾಗ ಪಕ್ಕದ ಲೈಟಿಗೆ ನಾಲ್ಕು ಉಬ್ಬುಗಳು ಮೂಗಿನ ತನಕ ನೆರಳು ಚೆಲ್ಲಿದವು.

"ಅದೇನು ಸರ್ ಕೆನ್ನೆ ಮೇಲೆ? ಅಚ್ಚು ಕೆಟ್ಟಿದೆಯಾ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಹೆಬ್ಬೆರಳಿನಿಂದ ಸವರಿದರು. ಚೌಕದ ಮೇಲೆ ಬೆರಳು ನಿಂತಿತು. "ಅಚ್ಚು ಕೆಟ್ಟಿಲ್ಲ" ಎಂದರು. ಅವರ ಕಣ್ಣು ಏಣಿಯ ಕಡೆಗೆ, ಏಣಿ ಹಿಡಿದಿದ್ದ ಕೈಯ ಕಡೆಗೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರ ತಲೆಯೂ ಆ ಕಡೆ ತಿರುಗಿತು.

ಅವನು ಇಳಿದು ಬಂದ. ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಬಾಗಿಲಿಗೆ ಹೋಗಿ ಅಕ್ಕನ ಜುಟ್ಟು ಹಿಡಿದ.

"ಮನೆ ಮಾತು ಬೀದಿಗೆ ತರ್ತೀಯೇನೇ?"

"ನಂಗೆ ಗೊತ್ತಿಲ್ಲ ರೀ, ಆಣೆಗೂ..."

ಹೊಟ್ಟೆಗೆ ಒದ್ದ. ಬಾಗಿದವಳನ್ನು ಟೇಬಲಿನ ತನಕ ಎಳೆದು ತಂದು, ಅವಳ ಮುಖವನ್ನು ಅವಳದೇ ಪ್ಲಾಸ್ಟರ್ ಮುಖಕ್ಕೆ ಅಪ್ಪಳಿಸಿದ. ಒಮ್ಮೆ. ಇನ್ನೊಮ್ಮೆ. ಎರಡನೆಯ ಸಲಕ್ಕೆ ಪ್ಲಾಸ್ಟರ್ ಮುಖ ಎರಡು ಹೋಳಾಯಿತು. ಬಿಳಿ ಪುಡಿಯ ಮೇಲೆ ರಕ್ತ ಹನಿಯಿತು. "ಬಿಡೋ ಅವಳನ್ನ!" ಎಂದು ಮೇಷ್ಟ್ರು ತೋಳು ಹಿಡಿದರು. ಅವನು ಝಾಡಿಸಿದ ರಭಸಕ್ಕೆ ಮುದುಕರು ಗೋಡೆಗೆ ಬಡಿದು ಕುಸಿದರು. ಹಲ್ಲಿನ ಡಾಕ್ಟರ ಮುಖ ಗೋಡೆಯಿಂದ ಬಿದ್ದು ಪುಡಿಯಾಯಿತು. ನಿಜವಾದ ಹಲ್ಲಿನ ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಯಾರೋ ಫೋನು ಎತ್ತಿ ಹಿಡಿದಿದ್ದರು. ಐವತ್ತು ಜನರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಅವನ ಎಡಗೈ ಅಕ್ಕನ ಕುತ್ತಿಗೆಯ ಮೇಲಿತ್ತು. ಅವಳ ಕಾಲು ನೆಲವನ್ನು ಒದೆಯುತ್ತಿತ್ತು. ಊರಿಕೊಳ್ಳಲು ಬಲಗೈಯನ್ನು ಟೇಬಲಿನ ಮೇಲೆ ಇಟ್ಟಿದ್ದ, ಬೆರಳು ಅಗಲಿಸಿ, ಉಂಗುರ ಮೇಲೆ ಮಾಡಿ.

ಸುತ್ತಿಗೆ ನನ್ನ ಕೈಯಲ್ಲೇ ಇತ್ತು.

ಮೊದಲ ಏಟಿಗೆ ಒಣಗಿದ ಅಚ್ಚು ಬಿಟ್ಟುಕೊಳ್ಳುವಾಗಿನ ಸದ್ದೇ ಬಂತು. ಎರಡನೆಯದಕ್ಕೆ ಉಂಗುರದ ಕಲ್ಲು ಎಗರಿ ಎಲ್ಲೋ ಹೋಯಿತು. ಅವನು ಕೂಗಿಕೊಂಡು ಮಂಡಿಯೂರಿದ. ಅಕ್ಕ ಜಾರಿ ಕೆಳಗೆ ಬಿದ್ದು ಕೆಮ್ಮಿದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅವನ ಭುಜಕ್ಕೆ ಹೊಡೆದೆ. ಕಿವಿಯ ಪಕ್ಕಕ್ಕೆ ಹೊಡೆದೆ. ಅವನು ಮಗ್ಗುಲಾಗಿ ಉರುಳಿದ ಮೇಲೂ ಹೊಡೆದೆ. ನಿಲ್ಲಿಸುವ ಗುರುತು ಎಂದು ನನಗೆ ಗೊತ್ತಿದ್ದದ್ದು ಒಂದೇ. ಅವನ ಮೈಮೇಲೆ ಎಲ್ಲೂ ನೀಲಿ ಇರಲಿಲ್ಲ.

"ಸಾಕು ಕಣೆ" ಅಂದಳು ಅಕ್ಕ ಟೇಬಲಿನ ಕೆಳಗಿನಿಂದ. ಅವಳ ಬಾಯಿ ತುಂಬ ರಕ್ತ. "ಸಾಯ್ತಾರೆ, ಸಾಕು."

ಕೇಳಿಸಿತು. ಆದರೂ ನನ್ನ ಕೈ ಮತ್ತೆ ಮೇಲೆದ್ದಿತ್ತು. ಬೆರಳು ಹಿಡಿಕೆಗೆ ಕಚ್ಚಿಕೊಂಡಿತ್ತು, ಬಿಡಿಸಲು ಬರುತ್ತಿರಲಿಲ್ಲ. ಕೆಳಗೆ ಅವನ ತಲೆ ಇತ್ತು. ನಾನು ಜನರ ಕಡೆಗೆ ತಿರುಗಿದೆ. ಅಷ್ಟು ಮಂದಿಯ ಎದುರು ನನ್ನ ಗಂಟಲು ಬಿಟ್ಟುಕೊಂಡದ್ದು ಅದೇ ಮೊದಲು.

"ಯಾರಾದ್ರೂ ಬಂದು ಈ ಸುತ್ತಿಗೆ ತಗೊಳ್ಳಿ."

ಹಲ್ಲಿನ ಡಾಕ್ಟರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಬಾಗಿಲು ನೋಡಿದರು.

"ತಗೊಳ್ಳಿ, ಸರ್."